ವಿತೊಮಿರನ ಮನೆಗೆ ಎರಡನೆಯ ಸಂತ

ಬೆಲ್‌ಗ್ರೇಡಿನಲ್ಲಿ ಮನುಷ್ಯ ಯಾವುದರ ಬಗ್ಗೆ ಬೇಕಾದರೂ ಸುಳ್ಳು ಹೇಳಬಹುದು. ವಯಸ್ಸಿನ ಬಗ್ಗೆ ಹೇಳಬಹುದು, ಸಂಬಳದ ಬಗ್ಗೆ ಹೇಳಬಹುದು. ಹರೆಯದಲ್ಲಿ ತನ್ನನ್ನು ಯಾವ ಫುಟ್‌ಬಾಲ್ ತಂಡದವರು ಬಾ ಬಾ ಎಂದು ಕರೆದಿದ್ದರು ಎಂಬುದರ ಬಗ್ಗೆಯಂತೂ ಹೇಳಲೇಬೇಕು, ಇಲ್ಲದಿದ್ದರೆ ಜನ ಅನುಮಾನದಿಂದ ನೋಡುತ್ತಾರೆ. ಆದರೆ ಸ್ಲಾವಾ ವಿಷಯದಲ್ಲಿ ಯಾರೂ ಸುಳ್ಳು ಹೇಳುವುದಿಲ್ಲ. ಸ್ಲಾವಾ ಎಂದರೆ ಮನೆಸಂತನ ಹಬ್ಬ. ಅಪ್ಪನ ಮೂಗು ಮಗನಿಗೆ ಬಂದ ಹಾಗೆ ಅಪ್ಪನ ಸಂತನೂ ಮಗನಿಗೆ ಬರುತ್ತಾನೆ. ಬೇಡ ಎನ್ನುವ ಹಾಗಿಲ್ಲ, ಬದಲಾಯಿಸುವ ಹಾಗಿಲ್ಲ. ಆ ದಿನ ಯಾರನ್ನೂ ಕರೆಯುವುದಿಲ್ಲ, ಬಂದವರನ್ನು ಯಾರನ್ನೂ ಕಳಿಸುವುದಿಲ್ಲ. ಯಜಮಾನನಾದವನು ಒಂದು ಸಲವೂ ಕೂರದೆ, ನಿಂತೇ ಬಡಿಸುತ್ತಾನೆ. ಇಂಥ ವಿಷಯದಲ್ಲಿ ಸುಳ್ಳು ಹೇಳಿದ ಒಬ್ಬನೇ ಒಬ್ಬ ಮನುಷ್ಯನನ್ನು ನಾನು ಬಲ್ಲೆ. ಅವನು ನನ್ನ ಎದುರು ಮನೆಯ ವಿತೊಮಿರ್. ಅವನ ಮೇಲೆ ನನಗಿದ್ದ ಗೌರವ ಅದರಿಂದ ಕಡಿಮೆಯಾಗಲಿಲ್ಲ, ಹೆಚ್ಚಾಯಿತು. ಹೇಗೆಂದು ಹೇಳುತ್ತೇನೆ.

ವಿತೊಮಿರನ ಕೆಲಸ ಟ್ರಾಮ್ ಡಿಪೋದಲ್ಲಿ. ಜನ ಟ್ರಾಮಿನಲ್ಲಿ ಮರೆತು ಹೋದ ಕೊಡೆ, ಟೋಪಿ, ಕಟ್ಟುಹಲ್ಲುಗಳನ್ನು ವಾರಸುದಾರರು ಬರುವವರೆಗೂ ಕಾಯುವ ಗುಮಾಸ್ತ ಅವನು. ಆಫೀಸಿಗೆ ಹೋಗುವಾಗ ಅವನೂ ಟ್ರಾಮಿನಲ್ಲಿ ಕೊಡೆ ಮರೆಯುತ್ತಾನೆ. ಮಧ್ಯಾಹ್ನ ಅದು ಅವನ ಮೇಜಿಗೇ ಬರುತ್ತದೆ. ಅವನು ತನ್ನ ಗುರುತು ಚೀಟಿಯನ್ನು ತನಗೇ ತೋರಿಸಿ, ರುಜು ಹಾಕಿ ಬಿಡಿಸಿಕೊಳ್ಳುತ್ತಾನೆ. ಇಂಥ ಪ್ರಾಮಾಣಿಕನಿಗೆ ಸುಳ್ಳು ಹೇಳುವ ಅಭ್ಯಾಸ ಎಲ್ಲಿಂದ ಬರಬೇಕು? ಅಭ್ಯಾಸ ಇಲ್ಲದವನು ಸುಳ್ಳಿಗೆ ಇಳಿದದ್ದರಿಂದಲೇ ಇಷ್ಟೆಲ್ಲ ಆದದ್ದು.

ನಾವಿರುವುದು ದೊರ್ಚೊಲ್‌ನಲ್ಲಿ, ಡಾನ್ಯೂಬ್ ಕಡೆಗೆ ಇಳಿಯುವ ಬೀದಿಯ ಹಳೆಯ ಕಟ್ಟಡದ ಮೂರನೆಯ ಮಹಡಿಯಲ್ಲಿ. ನನ್ನ ಮನೆ ನನ್ನದು. ವಿತೊಮಿರ್ ಮತ್ತು ಅವನ ಹೆಂಡತಿ ಬೊಸಿಲ್ಕ ಇಪ್ಪತ್ತಮೂರು ವರ್ಷದಿಂದ ಬಾಡಿಗೆಗಿದ್ದಾರೆ. ಮನೆಯ ಒಡತಿ ಜೋರ್ಕ ಎಂಬ ಮುದುಕಿ, ಬಾಡಿಗೆ ಏರಿಸುವುದು ಎಂಬ ಕಲೆಯನ್ನೇ ಕಲಿಯದೆ, ಹೋದ ವಸಂತದಲ್ಲಿ ತೀರಿಕೊಂಡಳು. ಮನೆ ಮಗ ರಾನ್ಕೊಗೆ ಬಂತು. ನದಿಯಾಚೆ ಹೊಸ ಬಡಾವಣೆಯಲ್ಲಿ ಅವನದು ಬಚ್ಚಲುಮನೆಯ ಟೈಲ್ಸ್ ಅಂಗಡಿ. ಬಾಡಿಗೆಯ ಕರಾರು ಪ್ರತಿ ಅಕ್ಟೋಬರ್ ಇಪ್ಪತ್ತಕ್ಕೆ ಮುಗಿದು ಅಂದೇ ಮತ್ತೆ ಶುರುವಾಗಬೇಕು; ಅದು ಮುದುಕಿ ಹಾಕಿದ್ದ ಷರತ್ತು. ರಾನ್ಕೊ ಫೋನ್ ಮಾಡಿ, "ಇಪ್ಪತ್ತಕ್ಕೆ, ಬುಧವಾರ ಬೆಳಿಗ್ಗೆ ಬರ್ತೀನಿ, ಒಂದು ಮಾತಾಡ್ಬೇಕು" ಎಂದ.

ಆ 'ಒಂದು ಮಾತು' ಏನೆಂದು ನಮ್ಮ ಬೀದಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಹೋದ ವರ್ಷ ಎರಡನೆಯ ಮಹಡಿಯವರ ಹತ್ತಿರ ಅವರ ಮಾಲೀಕ ಒಂದು ಮಾತಾಡಿದ. ಅವರು ಈಗ ಟ್ರಾಮೂ ಮುಟ್ಟದ ಕಡೆ ಇದ್ದಾರೆ. ಎಲ್ಲೆಲ್ಲಿಂದಲೋ ದುಡ್ಡಿದ್ದವರು ಊರಿಗೆ ಬಂದು ಬಾಡಿಗೆಗಳು ದುಪ್ಪಟ್ಟಾಗಿ ಹೋಗಿದ್ದವು. ರಾನ್ಕೊ ಐನೂರು ಯೂರೋ ಕೇಳುತ್ತಾನೆಂದು ಸುದ್ದಿ. ವಿತೊಮಿರ್ ಕೊಡುತ್ತಿದ್ದದ್ದು ಇನ್ನೂರು. ಐನೂರು ಕೊಟ್ಟರೆ ಅವನ ಸಂಬಳದಲ್ಲಿ ಉಳಿಯುವುದು ಡಾನ್ಯೂಬಿನ ಗಾಳಿ ಮಾತ್ರ.

ಹಿಂದಿನ ದಿನ ಮೆಟ್ಟಿಲ ಮೇಲೆ ಸಿಕ್ಕಿದಾಗ, "ಏನು ಹೇಳ್ತೀಯೋ?" ಎಂದೆ.

"ಅವನು ಬಾಯಿ ಬಿಡೋಕೆ ಮುಂಚೆ ನಾನೇ ಗಟ್ಟಿಯಾಗಿ ಹೇಳ್ಬಿಡ್ತೀನಿ. 'ರಾನ್ಕೊ ಸಾಹೇಬ್ರೇ, ಇಪ್ಪತ್ತಮೂರು ವರ್ಷ!' ಅಂತ."

"ಆಮೇಲೆ?"

"ಆಮೇಲೆ ಅಳೋಣ ಅಂತ ಇದ್ದೀನಿ," ಎಂದ ವಿತೊಮಿರ್, ಬಹಳ ಯೋಚಿಸಿದವನಂತೆ.

ಬುಧವಾರ ರಾನ್ಕೊ ಬಂದಾಗ ನಾನು ವಿತೊಮಿರನ ಅಡುಗೆಮನೆಯಲ್ಲೇ ಇದ್ದೆ. ಅಕ್ಟೋಬರಿನಲ್ಲಿ ಕೆಂಪು ಮೆಣಸಿನಕಾಯಿ ಸುಟ್ಟು, ಸಿಪ್ಪೆ ಸುಲಿದು, ಅರೆದು ಚಳಿಗಾಲಕ್ಕೆ ಐವಾರ್ ಮಾಡಿಡುತ್ತಾರಲ್ಲ, ಆ ಸಿಪ್ಪೆ ಸುಲಿಯಲು ಬೊಸಿಲ್ಕ ನನ್ನನ್ನು ಹಿಡಿದು ಕೂರಿಸಿದ್ದಳು. ಹೊಗೆಗೆ ಬೆಳಗಿನಿಂದ ನಮ್ಮೆಲ್ಲರ ಕಣ್ಣಲ್ಲೂ ನೀರು. ರಾನ್ಕೊ ಎತ್ತರದ ಆಳು, ಮೆತ್ತಗೆ ಮಾತಾಡುತ್ತಾನೆ. ಕೂಗಾಡುವ ಮಾಲೀಕನಿಗಿಂತ ಮೆತ್ತಗೆ ಮಾತಾಡುವ ಮಾಲೀಕನಿಗೆ ಹೆಚ್ಚು ಹೆದರಬೇಕು.

"ವಿತೊಮಿರ್ ಅವ್ರೇ, ನಂಗೆ ಸುತ್ತಿ ಬಳಸಿ ಮಾತಾಡೋಕೆ ಬರಲ್ಲ," ಎಂದ. "ಬಾಡಿಗೆ ವಿಷಯ..."

ವಿತೊಮಿರ್ ಬಾಯಿ ತೆರೆದ. 'ಇಪ್ಪತ್ತಮೂರು ವರ್ಷ' ಎಂಬ ಮಾತು ಬರಲಿಲ್ಲ. ಬೆಳಗಿನಿಂದ ಧಾರಾಳವಾಗಿ ಸುರಿಯುತ್ತಿದ್ದ ಕಣ್ಣೀರೂ ಬೇಕಾದ ಗಳಿಗೆಗೆ ನಿಂತುಹೋಯಿತು. ಗೋಡೆಯ ಮೇಲೆ ಚರ್ಚಿನ ಕ್ಯಾಲೆಂಡರ್ ಇತ್ತು, ಅವತ್ತಿನ ದಿನದ ಎದುರು ಒಬ್ಬ ಸಂತನ ಹೆಸರಿತ್ತು. ವಿತೊಮಿರನ ಕಣ್ಣು ಅಲ್ಲಿ ಹೋಗಿ ನಿಂತಿತು.

"ಇವತ್ತಾ?" ಎಂದ, ಎದೆಯ ಮೇಲೆ ಕೈ ಇಟ್ಟು. "ಸ್ಲಾವಾ ದಿನ ದುಡ್ಡಿನ ಮಾತಾ, ರಾನ್ಕೊ ಸಾಹೇಬ್ರೇ?"

ರಾನ್ಕೊ ಟೋಪಿ ತೆಗೆದ. "ಅಯ್ಯೋ, ಇವತ್ತು ನಿಮ್ಮನೆ ಸ್ಲಾವಾನಾ? ಯಾವ ಸಂತ?"

"ಸೆರ್ಗಿಯೆ. ಸಂತ ಸೆರ್ಗಿಯೆ."

ಬೊಸಿಲ್ಕಳ ಕೈಯಿಂದ ಸಟ್ಟುಗ ಜಾರಿ ಬಿತ್ತು. ರಾನ್ಕೊ ಶಿಲುಬೆಯ ಗುರುತು ಮಾಡಿಕೊಂಡು, ವಿತೊಮಿರನ ಎರಡೂ ಕೆನ್ನೆಗೆ ಮುತ್ತಿಟ್ಟು, ಮೂರನೆಯದಕ್ಕೆ ಮತ್ತೆ ಮೊದಲ ಕೆನ್ನೆಗೆ ಬಂದು, ನಮ್ಮ ಕಡೆಯ ಮೂರು ಮುತ್ತಿನ ಲೆಕ್ಕ ಸರಿಮಾಡಿದ. "ಬರಿಗೈಲಿ ಬಂದ್ಬಿಟ್ಟೆನಲ್ಲ! ಒಂದು ಗಳಿಗೆ ಇರಿ, ಈಗ ಬಂದೆ."

"ಬೇಡ ಬೇಡ, ಅದೆಲ್ಲ ಯಾಕೆ..."

"ಛೆ, ಸ್ಲಾವಾ ಮನೆ ಹೊಸ್ತಿಲು ತುಳಿದು ಹಬ್ಬದ ಸಿಹಿ ಗೋಧಿ ಬಾಯಿಗೆ ಹಾಕ್ದೆ ಹೋಗೋದುಂಟಾ? ನಮ್ಮಮ್ಮ ನಂಗೆ ಅಷ್ಟಾದ್ರೂ ಕಲಿಸಿದ್ದಾಳೆ." ಹೀಗೆ ಹೇಳಿ ಮೆಟ್ಟಿಲಿಳಿದ.

ವಿತೊಮಿರ್ ಬಾಗಿಲು ಹಾಕಿ, ಯುದ್ಧ ಗೆದ್ದ ಸೇನಾಪತಿಯ ಹಾಗೆ ನಮ್ಮ ಕಡೆ ತಿರುಗಿದ. "ಬೀಸೋ ದೊಣ್ಣೆ ತಪ್ಪಿದ್ರೆ ಸಾವಿರ ವರ್ಷ ಆಯಸ್ಸು!"

"ದೊಣ್ಣೆ ತಪ್ಪಿಲ್ಲ," ಎಂದಳು ಬೊಸಿಲ್ಕ. "ಬಾಟ್ಲಿ ತರೋಕೆ ಹೋಗಿದೆ. ನಮ್ಮ ಸಂತ ನಿಕೊಲಾ ಬರೋದು ಡಿಸೆಂಬರಲ್ಲಿ. ಇವನ್ಯಾರು ಸೆರ್ಗಿಯೆ, ಯಾರ ಕಡೆಯೋನು?"

"ಕ್ಯಾಲೆಂಡರಲ್ಲಿದ್ದ."

"ಕ್ಯಾಲೆಂಡರಲ್ಲಿ ಎಲ್ಲಾ ಇರ್ತಾರೆ!"

"ಕಿರಿಯ ಸ್ಲಾವಾ ಅಂದ್ರಾಯ್ತು ಬಿಡೆ. ಎಷ್ಟೋ ಮನೇಲಿ ದೊಡ್ಡ ಸಂತನ ಜೊತೆ ಚಿಕ್ಕೋನು ಒಬ್ಬ ಇರ್ತಾನೆ. ರಾನ್ಕೊ ಒಬ್ನೇ ತಾನೆ ಬರೋದು? ಒಂದು ಚಮಚ ಗೋಧಿ, ಒಂದು ಲೋಟ ವೈನು, ಆಯ್ತು."

ಆದರೆ ರಾನ್ಕೊ ಮೆಟ್ಟಿಲಿಳಿಯುವಾಗ ಮಿಲುತಿನ್ ಅಲ್ಲಿ ಬಲ್ಬು ಬದಲಾಯಿಸುತ್ತಿದ್ದ. ಮಿಲುತಿನ್ ನಮ್ಮ ಕಟ್ಟಡದ ಸಂಘದ ಅಧ್ಯಕ್ಷ. ನಮ್ಮ ಕಟ್ಟಡದಲ್ಲಿ ಬಲ್ಬುಗಳು ಕೆಡುವುದು ಕಡಿಮೆ, ಅಧ್ಯಕ್ಷರು ಬದಲಾಯಿಸುವುದು ಹೆಚ್ಚು. ಏಣಿಯ ಮೇಲೆ ನಿಂತರೆ ಎಲ್ಲ ಬಾಗಿಲುಗಳೂ ಕಾಣುತ್ತವೆ ಎಂಬುದು ಒಂದು ಕಾರಣ. ರಾನ್ಕೊ ಅವನಿಗೆ, "ಇವತ್ತು ವಿತೊಮಿರ್ ಮನೇಲಿ ಸ್ಲಾವಾ ಅಂತ ಒಬ್ರಾದ್ರೂ ನಂಗೆ ಹೇಳ್ಬಾರ್ದಾ?" ಎಂದನಂತೆ. ಮಿಲುತಿನ್ ಏಣಿಯಿಂದ ಇಳಿದ. ಅವನು ಏಣಿಯಿಂದ ಇಳಿದನೆಂದರೆ ಸುದ್ದಿ ಎಲ್ಲ ಮಹಡಿಗಳಿಗೂ ಹತ್ತಿತು ಎಂದು ಅರ್ಥ.

ಗಂಟೆ ಬಾರಿಸುವ ಗೋಜಿಗೂ ಹೋಗದೆ ಅವನು ಒಳಗೆ ಬಂದ. "ಇಪ್ಪತ್ತಮೂರು ವರ್ಷ!" ಎಂದ ಗಟ್ಟಿಯಾಗಿ. ತಾನು ಸಿದ್ಧಮಾಡಿಕೊಂಡಿದ್ದ ಮಾತನ್ನು ಬೇರೊಬ್ಬ ತನ್ನ ಮೇಲೇ ಬಿಟ್ಟದ್ದು ನೋಡಿ ವಿತೊಮಿರನಿಗೆ ಸಂಕಟವಾಯಿತು. "ಇಪ್ಪತ್ತಮೂರು ವರ್ಷ ನನ್ನ ಮನೆ ಸ್ಲಾವಾದಲ್ಲಿ ಹಂದಿಮರಿ ಹುರಿದಿದ್ದು ತಿಂದಿದ್ದೀಯ. ಕಿವಿ ನಿಂಗೇ ಕೊಟ್ಟಿದ್ದೀನಿ! ನೀನು ಮನೇಲಿ ಇನ್ನೊಬ್ಬ ಸಂತನ್ನ ಬಚ್ಚಿಟ್ಕೊಂಡು ಒಬ್ನೇ ಹಬ್ಬ ಮಾಡ್ತಿದ್ದೀಯ?"

"ಚಿಕ್ಕ ಸಂತ, ಮಿಲುತಿನ್. ಕಿರಿಯ ಸ್ಲಾವಾ. ಅಂಥಾ ಹೇಳ್ಕೊಳ್ಳೋವಂಥದ್ದೇನಲ್ಲ."

"ಸಂತರಲ್ಲಿ ಚಿಕ್ಕೋರು ದೊಡ್ಡೋರು ಅಂತ ನೀನು ಯಾವನಯ್ಯ ಹೇಳೋಕೆ! ಇರು, ಎಲ್ಲರನ್ನೂ ಕರ್ಕೊಂಡು ಬರ್ತೀನಿ."

"ಸ್ಲಾವಾಕ್ಕೆ ಯಾರನ್ನೂ ಕರೆಯೋ ಹಾಗಿಲ್ವಲ್ಲ!" ಎಂದ ವಿತೊಮಿರ್, ಮುಳುಗುವವನು ಹುಲ್ಲುಕಡ್ಡಿ ಹಿಡಿದ ಹಾಗೆ.

"ಕರೆಯಲ್ಲ. ಸುಮ್ನೆ ಹೇಳ್ತೀನಿ," ಎಂದು ಅಧ್ಯಕ್ಷರು ಹೊರಟರು.

ಇಲ್ಲಿ ಬೊಸಿಲ್ಕಳ ಬಗ್ಗೆ ಒಂದು ಮಾತು ಹೇಳದಿದ್ದರೆ ನನಗೆ ಪಾಪ ಬರುತ್ತದೆ. ಬೇರೆ ಹೆಂಗಸಾಗಿದ್ದರೆ ಗಂಡನ ತಲೆಗೆ ಮೆಣಸಿನಕಾಯಿ ತಟ್ಟೆ ಬೋರಲು ಹಾಕಿ ತವರಿಗೆ ಹೊರಡುತ್ತಿದ್ದಳು. ಇವಳು ಅಂಗಿಯ ತೋಳು ಮೇಲಕ್ಕೆ ಮಡಿಸಿಕೊಂಡಳು. ನನ್ನ ಹೆಂಡತಿಯಿಂದ, ಕರೆಂಟು ಹೋದಾಗ ಹಚ್ಚಲು ಇಟ್ಟಿದ್ದ ದಪ್ಪ ಮೇಣದಬತ್ತಿ ಬಂತು. ಕೆಳಗಿನ ಬೇಕರಿಯಿಂದ ದುಂಡು ಬ್ರೆಡ್ಡು ಬಂತು. ಅವಳು ಅದರ ಮೇಲೆ ಚಾಕುವಿನಿಂದ ಶಿಲುಬೆ ಕೊರೆದು, ನಡುವೆ ಒಂದು ತುಳಸಿಯಂಥ ಕುಡಿ ಸಿಕ್ಕಿಸಿದಳು. ಅಷ್ಟಕ್ಕೇ ಆ ಬಡಪಾಯಿ ಬ್ರೆಡ್ಡು ಹಬ್ಬದ ರೊಟ್ಟಿಯಾಯಿತು. ಆದರೆ ಗೋಧಿಗೆ ಏನು ಮಾಡುವುದು? ಗೋಧಿ ಬೇಯಲು ಅರ್ಧ ದಿನ ಬೇಕು, ಗೋಧಿಯಿಲ್ಲದೆ ಅತಿಥಿಯನ್ನು ಒಳಗೆ ಕರೆಯುವುದು ಹೇಗೆ? ಮೊದಲ ಸಲ ಅವಳ ಮುಖ ಬಾಡಿತು.

ಆಗ ಬಾಗಿಲ ಗಂಟೆ ಸದ್ದಾಯಿತು. ನೆಲಮಹಡಿಯ ದೆಸಾಂಕ ಅಜ್ಜಿ ನಿಂತಿದ್ದಳು. ಎಂಬತ್ತು ದಾಟಿದ ಜೀವ, ಲಿಫ್ಟ್ ಕೆಟ್ಟಾಗಿನಿಂದ ಮೇಲಿನ ಮಹಡಿಗಳಿಗೆ ಬರುವುದನ್ನೇ ಬಿಟ್ಟವಳು, ಮೂರು ಮಹಡಿ ಹತ್ತಿ ಬಂದಿದ್ದಳು. ಕೈಯಲ್ಲಿ ಮುಚ್ಚಿದ ಬಟ್ಟಲು. "ತಗೋ," ಎಂದಳು. "ಬೆಂದಿದೆ, ಅರೆದಿದೆ, ಅಕ್ರೋಟು ಬಿದ್ದಿದೆ. ಮೇಲೆ ಸಕ್ಕರೆ ಉದುರಿಸೋದು ಒಂದು ಬಾಕಿ."

"ಅಜ್ಜಿ, ಇಷ್ಟು ಬೇಗ ಹೇಗೆ..."

"ಉಸಿರು ಬಿಡೋಕೆ ಒಂದು ಕುರ್ಚಿ ಕೊಡೇ ಮೊದ್ಲು."

ಅಷ್ಟರಲ್ಲಿ ಬಾಗಿಲು ತುಂಬ ಜನ. ಆಮೇಲೆ ಆ ಪ್ರಶ್ನೆ ಕೇಳಲು ಯಾರಿಗೂ ಪುರುಸೊತ್ತಾಗಲಿಲ್ಲ. ಎಲ್ಲರ ಕೈಯಲ್ಲೂ ಒಂದೊಂದು ಬಾಟಲಿ, ಕಾಫಿಪುಡಿ ಪೊಟ್ಟಣ, ಹೂವು. ನಮ್ಮ ಕಟ್ಟಡದಲ್ಲಿ ಒಂದು ಚಾಕಲೇಟ್ ಡಬ್ಬಿ ಇದೆ, ಮುಚ್ಚಳದ ಮೇಲೆ ಹಂಸದ ಚಿತ್ರವಿದೆ. ಅದು ವರ್ಷಗಳಿಂದ ಒಂದು ಮನೆಯ ಸ್ಲಾವಾದಿಂದ ಇನ್ನೊಂದು ಮನೆಯ ಸ್ಲಾವಾಕ್ಕೆ ಹೋಗುತ್ತಿದೆ, ಯಾರೂ ಬಿಚ್ಚಿಲ್ಲ. ಅದೂ ಬಂತು.

ಮಿಲುತಿನ್ ಮೊದಲು ಮೇಜನ್ನು ಪರೀಕ್ಷಿಸಿದ. "ಇವತ್ತು ಬುಧವಾರ," ಎಂದು ಎಲ್ಲರಿಗೂ ನೆನಪಿಸಿದ. "ಉಪವಾಸದ ದಿನ. ಮಾಂಸ, ಹಾಲು, ಮೊಟ್ಟೆ ಇದ್ರೆ ನಾನು ಈಗ್ಲೇ ಎದ್ದು ಹೋಗ್ತೀನಿ." ಮೇಜಿನ ಮೇಲೆ ಇದ್ದದ್ದು ಎಣ್ಣೆಯಲ್ಲಿ ಬೇಯಿಸಿದ ಅವರೆಯಂಥ ಬಿಳಿ ಕಾಳು, ಬಿಸಿ ಐವಾರ್, ಎಲೆಕೋಸಿನ ಉಪ್ಪಿನಕಾಯಿ. ಬಾಡಿಗೆ ಏರುವ ಭಯಕ್ಕೆ ಬೊಸಿಲ್ಕ ವಾರದಿಂದ ಮಾಂಸದಂಗಡಿಯ ಬೀದಿಗೇ ಕಾಲಿಟ್ಟಿರಲಿಲ್ಲ. ಮಿಲುತಿನನ ಕಣ್ಣು ತುಂಬಿತು. "ನೋಡಿ, ಎಂಥಾ ಶಿಸ್ತು!" ಎಂದ. "ಎಣ್ಣೆ ಬಿಟ್ರೆ ಇನ್ನೇನೂ ಇಲ್ಲ. ನಾವೂ ಇದ್ದೀವಿ, ದಂಡಕ್ಕೆ."

ಆದರೆ ಮೂಲೆಯಲ್ಲಿದ್ದ ಸಂತನ ಪಟ ನೋಡಿ ಅವನ ಹುಬ್ಬು ಮತ್ತೆ ಮೇಲೇರಿತು. "ಇದೇನು, ಬಿಳಿ ಗಡ್ಡ? ಸೆರ್ಗಿಯೆ ಸೈನಿಕ ಕಣಯ್ಯ, ಚಿಕ್ಕ ವಯಸ್ಸಿನೋನು."

ಪಟದಲ್ಲಿದ್ದವನು ನಿಕೊಲಾ. ವಿತೊಮಿರ್ ಬೆವರೊರೆಸಿಕೊಂಡು, "ಅದು ಅವನ ಮುಪ್ಪಿನಲ್ಲಿ ಬರೆಸಿದ್ದು," ಎಂದ.

"ಅವನು ಮುಪ್ಪಾಗ್ಲೇ ಇಲ್ಲ. ಹರೆಯದಲ್ಲೇ ತಲೆ ಕಡಿಸಿಕೊಂಡ!"

"ಅದಕ್ಕೇ ಪಟ ಅಷ್ಟು ಸರಿಯಾಗಿ ಬಂದಿಲ್ಲ," ಎಂದಳು ಬೊಸಿಲ್ಕ ಹಿಂದಿನಿಂದ, ಮತ್ತು ಮಿಲುತಿನನ ಬಾಯಿಗೆ ಒಂದು ಚಮಚ ಗೋಧಿ ತುಂಬಿದಳು.

ಒಂದು ಸುಳ್ಳಿಗೆ ಒಂಬತ್ತು ಸುಳ್ಳಿನ ಊರುಗೋಲು ಬೇಕು. ಈ ಸಂತ ನಿಮ್ಮ ವಂಶಕ್ಕೆ ಬಂದದ್ದು ಹೇಗೆ ಎಂದು ಕಿಟಕಿ ಬಳಿ ಕೂತವರು ಕೇಳಿದರು. ವಿತೊಮಿರ್ ಕಾಳು ಬಡಿಸುತ್ತ, ಮುತ್ತಾತನನ್ನು ಕಾಡಿನಲ್ಲಿ ಕರಡಿ ಅಟ್ಟಿಸಿಕೊಂಡು ಬಂದಾಗ ಸೆರ್ಗಿಯೆ ಕಾಪಾಡಿದ ಎಂದ. ಬಾಗಿಲ ಬಳಿ ಕೂತವರೂ ಅದನ್ನೇ ಕೇಳಿದರು. ಕಿಟಕಿ ಬಳಿ ಏನು ಹೇಳಿದ್ದನೋ ಮರೆತು, ಮೊರಾವ ನದಿಯ ಪ್ರವಾಹದಲ್ಲಿ ಮುತ್ತಾತ ಕೊಚ್ಚಿಹೋಗುತ್ತಿದ್ದಾಗ ಕಾಪಾಡಿದ ಎಂದ. ಮಿಲುತಿನ್ ನಡುವೆ ಕೂತಿದ್ದ. ಅಧ್ಯಕ್ಷನಾದವನಿಗೆ ಎರಡೂ ಕಿವಿ ಕೇಳಿಸುತ್ತವೆ.

"ಒಂದು ನಿಮಿಷ. ಕರಡಿನಾ, ಪ್ರವಾಹನಾ?"

ವಿತೊಮಿರ್ ಲೋಟ ಹಿಡಿದು ನಿಂತೇ ಯೋಚಿಸಿದ. "ಕರಡಿ ಪ್ರವಾಹದಲ್ಲಿ ತೇಲ್ಕೊಂಡು ಬಂತು," ಎಂದ.

ಇದಕ್ಕೆ ಮಿಲುತಿನ್ ಏನಾದರೂ ಹೇಳುತ್ತಿದ್ದನೇನೋ, ಆಗ ರಾನ್ಕೊ ಬಂದ. ಟೈ ಕಟ್ಟಿಕೊಂಡು ಬಂದಿದ್ದ. ಒಳ್ಳೆಯ ವೈನಿನ ಬಾಟಲಿ, ಬಿಳಿ ಸೇವಂತಿಗೆ. ಹೊಸ್ತಿಲಲ್ಲಿ ನಿಂತು ಗೋಧಿ ತಿಂದ; ತಿಂದ ಚಮಚವನ್ನು ನೀರಿನ ಲೋಟದಲ್ಲಿ ಹಾಕುವಾಗ ಅವನ ಕೈ ಎಷ್ಟು ಜೋಪಾನವಾಗಿತ್ತೆಂದರೆ, ಟೈಲ್ಸ್ ಮಾರುವವನ ಕೈ ಎಂದು ನಂಬಲು ಕಷ್ಟವಾಯಿತು. ಕೂತು ಕಾಳು ತಿಂದ, ಐವಾರ್ ಹಾಕಿಸಿಕೊಂಡ, ಮತ್ತೆ ಹಾಕಿಸಿಕೊಂಡ. ವೈನು ಒಳಗೆ ಹೋದ ಮೇಲೆ ಅವನ ಮುಖ ಸಡಿಲವಾಯಿತು.

"ಈ ಗಲಾಟೆ ನಂಗೆ ತುಂಬ ಇಷ್ಟ," ಎಂದ. "ನಮ್ಮನೇಲಿ ಸ್ಲಾವಾ ಇಲ್ಲ. ಅಪ್ಪ ಸೈನ್ಯದಲ್ಲಿ ಅಧಿಕಾರಿ, ಕಮ್ಯುನಿಸ್ಟ್ ಪಕ್ಷದೋರು. ಸಂತರೆಲ್ಲ ನಮ್ಮನೇಲಿ ಇಲ್ಲ ಕಣೋ ಅನ್ನೋರು. ಚಿಕ್ಕಂದಿನಿಂದ ಬೇರೆಯವರ ಮನೆ ಸ್ಲಾವಾನೇ ನಂಗೆ. ಎಲ್ಲಾರೂ ನಮ್ಮನೆಗೆ ಬನ್ನಿ ಅಂತ ಹೇಳೋಕೆ ಒಂದು ದಿನ ಅಂತ ಇರ್ಬೇಕು ನೋಡಿ ಮನುಷ್ಯನಿಗೆ."

"ಸಂತ ಇಲ್ವಾ?" ದೆಸಾಂಕ ಅಜ್ಜಿ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದಳು. "ಏನಂದೆ? ಇನ್ನೊಂದು ಸಲ ಹೇಳು."

"ಇಲ್ಲ ಅಜ್ಜಿ. ನಮ್ಗೆ ಇರ್ಲಿಲ್ಲ."

"ಹಾಗಾದ್ರೆ ನಲವತ್ತು ವರ್ಷದಿಂದ ಪ್ರತಿ ಅಕ್ಟೋಬರಿಗೂ ನಾನು ಯಾರಿಗೋಸ್ಕರ ಗೋಧಿ ಬೇಯಿಸ್ತಿದ್ದೀನೋ, ಪೆದ್ದ?"

ಎಲ್ಲರ ಚಮಚಗಳೂ ನಿಂತವು.

"ನೀನಿನ್ನೂ ತೊಟ್ಟಿಲಲ್ಲಿದ್ದೆ," ಎಂದಳು ಅಜ್ಜಿ. "ನೀವೆಲ್ಲ ಇದೇ ಮನೇಲಿದ್ರಿ. ನಿಮ್ಮಪ್ಪನ ವಂಶದ ಸಂತ ಸೆರ್ಗಿಯೆ. ನಿಮ್ಮಪ್ಪ ಬೇಡ ಅಂದ, ಮಗನ ಕಿವಿಗೂ ಹಾಕಬಾರ್ದು ಅಂತ ಜೋರ್ಕನ ಹತ್ರ ಆಣೆ ಹಾಕಿಸ್ಕೊಂಡ. ಅವಳು ನಿಂಗೆ ಹೇಳ್ಲಿಲ್ಲ. ಆದ್ರೆ ಬತ್ತಿ ಹಚ್ಚಬಾರ್ದು ಅಂತ ಆಣೆ ಹಾಕಿರ್ಲಿಲ್ವಲ್ಲ! ನಾನು ಮುಸುರೆ ಬಟ್ಟೆ ಕೆಳಗೆ ಗೋಧಿ ಮುಚ್ಕೊಂಡು ಬರ್ತಿದ್ದೆ. ಆ ಉಗ್ರಾಣದ ಬಾಗಿಲು ಹಾಕ್ಕೊಂಡು, ಕತ್ತಲಲ್ಲಿ ನಾವಿಬ್ರೂ ಸ್ಲಾವಾ ಮಾಡ್ತಿದ್ವಿ. ಮನೆ ಬಾಡಿಗೆಗೆ ಕೊಟ್ಟ ಮೇಲೂ ನನ್ನ ಹತ್ರ ಗೋಧಿ ತಗೊಂಡು ಒಬ್ಳೇ ಇಲ್ಲಿಗೆ ಬರ್ತಿದ್ಲು. ಅದಕ್ಕೇ ಕರಾರು ಇವತ್ತಿನ ದಿನಕ್ಕೇ ಇರ್ಬೇಕು ಅಂತ ಹಟ. ಈ ಸಲ ಅವಳಿಲ್ಲ ಅಂತ ಗೊತ್ತು, ಆದ್ರೂ ಕೈ ತಡೀಲಿಲ್ಲ, ಬೇಯಿಸ್ಬಿಟ್ಟೆ."

ಬೊಸಿಲ್ಕ ಬಾಯಿ ಮೇಲೆ ಕೈ ಇಟ್ಟುಕೊಂಡಳು. "ದೇವರೇ! ವರ್ಷಾ ವರ್ಷಾ ಬಂದು ಉಗ್ರಾಣದಲ್ಲಿ ತೇವ ಇದೆಯಾ ನೋಡ್ತೀನಿ ಅಂತ ಒಳಗೆ ಹೋಗಿ ಚಿಲಕ ಹಾಕ್ಕೊಳ್ಳೋರು. ಹೊರಗೆ ಬಂದಾಗ ಸುಟ್ಟ ವಾಸನೆ. ಕದ್ದು ಸಿಗರೇಟು ಸೇದ್ತಾರೆ ಅಂದ್ಕೊಂಡು ನಾನು ಒಂದು ಆಷ್ ಟ್ರೇ ಬೇರೆ ಇಟ್ಟಿದ್ದೆ!"

ರಾನ್ಕೊ ಎದ್ದು ಉಗ್ರಾಣದ ಬಾಗಿಲು ತೆರೆದು ನೋಡಿದ. ಗೋಡೆಯ ಗೂಡಿನಲ್ಲಿ ಮೇಣದಬತ್ತಿಯ ಮಸಿ ಹತ್ತಿದ ಒಂದು ಮಚ್ಚೆ ಇತ್ತು, ನಾವೆಲ್ಲ ನೋಡಿದೆವು. ಅವನು ಅದನ್ನು ಬೆರಳಿನಿಂದ ಮುಟ್ಟಿದ. ಆಮೇಲೆ ತಿರುಗಿ ಬಂದು ವಿತೊಮಿರನನ್ನು ತಬ್ಬಿಕೊಂಡ. ಟೈಲ್ಸ್ ಹೊರುವ ತೋಳುಗಳ ನಡುವೆ ನಮ್ಮ ಗುಮಾಸ್ತ ಕಾಣಿಸದಂತಾದ.

"ಅಮ್ಮನಿಗೋಸ್ಕರ ನೀವು ಮಾಡ್ತಿದ್ದೀರಿ," ಎಂದ ರಾನ್ಕೊ. "ಅವಳು ಹೋದ ಮೇಲೆ ನಮ್ಮ ಸಂತನ್ನ ನೀವು ಬಿಡ್ಲಿಲ್ಲ. ನಾನು ನಿಮ್ಮ ಹತ್ರ ಏನು ಮಾತಾಡೋಕೆ ಬಂದಿದ್ದೆ, ನಾಚಿಕೆ ಆಗತ್ತೆ ನಂಗೆ!"

ಕೂತವರೆಲ್ಲ ಮೂಗೊರೆಸಿಕೊಂಡರು. ಮಿಲುತಿನ್ ಚಪ್ಪಾಳೆಯನ್ನೇ ತಟ್ಟಿದ. ವಿತೊಮಿರನ ಕೆಲಸ ಮುಗಿದಿತ್ತು. ಹಾವೂ ಸತ್ತಿತ್ತು, ಕೋಲೂ ಮುರಿದಿರಲಿಲ್ಲ. ಅವನು ಮಾಡಬೇಕಾದದ್ದು ಇಷ್ಟೇ: ಬಾಯಿ ಮುಚ್ಚಿಕೊಂಡು ನಿಂತಿರಬೇಕಿತ್ತು. ನಾನು ಕಣ್ಣಲ್ಲೇ ಅವನಿಗೆ, 'ಸುಮ್ಮನಿರೋ, ದಮ್ಮಯ್ಯ' ಎಂದೆ. ಅವನು ಬೊಸಿಲ್ಕಳ ಕಡೆ ನೋಡಿದ. ಅವಳು ಕಣ್ಣು ತಪ್ಪಿಸಲಿಲ್ಲ.

"ಇಲ್ಲ," ಎಂದ ವಿತೊಮಿರ್, ರಾನ್ಕೊನ ಕಂಕುಳಿನಿಂದ. "ಇಲ್ಲ ರಾನ್ಕೊ ಸಾಹೇಬ್ರೇ, ಬಿಡಿ ನನ್ನ. ನಾನು ಯಾರ ಸಂತನ್ನೂ ನೋಡ್ಕೊಂಡಿಲ್ಲ. ನಂಗೇನೂ ಗೊತ್ತಿರ್ಲಿಲ್ಲ. ನೀವು ಬಾಡಿಗೆ ಅಂದ್ರಿ, ನಂಗೆ ಭಯ ಆಯ್ತು, ಕ್ಯಾಲೆಂಡರ್ ನೋಡಿ ಬಾಯಿಗೆ ಬಂದ ಹೆಸರು ಹೇಳ್ದೆ. ಸತ್ತವಳ ಹೆಸರಲ್ಲಿ ಬಾಡಿಗೆ ಉಳಿಸ್ಕೊಂಡ್ರೆ ನಂಗೆ ಈ ಮನೇಲಿ ನಿದ್ದೆ ಬರಲ್ಲ. ತಪ್ಪಾಯ್ತು."

ನನಗೆ ಆ ಗಳಿಗೆಯಲ್ಲಿ ಅವನ ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಕಾಲಿಗೆ ಬೀಳಬೇಕು ಅಂತಲೂ ಅನ್ನಿಸಿತು. ಬೇರೆಯವರ ಕೊಡೆಯನ್ನು ಅಷ್ಟು ವರ್ಷ ಕಾದವನು ಬೇರೆಯವರ ಸಂತನನ್ನು ಕದಿಯಲಾರನಾದ. ಇಂಥ ಮನುಷ್ಯನ ಎದುರು ಮನೆಯಲ್ಲಿ ಇದ್ದೇನೆ ಎನ್ನುವುದು ನನಗೆ ಹೆಮ್ಮೆ, ಅದನ್ನು ಮುಚ್ಚಿಡುವುದಿಲ್ಲ.

ಮಿಲುತಿನ್ ಸಣ್ಣ ದನಿಯಲ್ಲಿ, "ಹಾಗಾದ್ರೆ ಕರಡಿ?" ಎಂದ.

"ಕರಡಿನೂ ಇಲ್ಲ."

"ಪ್ರವಾಹ?"

"ಸುಮ್ನಿರೋ ಮಿಲುತಿನ್!" ಎಂದರು ಎಲ್ಲರೂ ಒಟ್ಟಿಗೆ.

ರಾನ್ಕೊನ ಮುಖ ಕೆಂಪಾಗಿತ್ತು. ಗೂಟದಿಂದ ಕೋಟು ತೆಗೆದುಕೊಂಡ, ಒಂದು ತೋಳಿಗೆ ಹಾಕಿದ, ಬಾಗಿಲಿನ ಹಿಡಿಗೆ ಕೈ ಇಟ್ಟ. ಬೊಸಿಲ್ಕ ಮೇಜಿನ ಅಂಚು ಹಿಡಿದುಕೊಂಡಳು. ಇಪ್ಪತ್ತಮೂರು ವರ್ಷದ ಮನೆ ಆ ಬಾಗಿಲಿನಿಂದ ಹೊರಗೆ ಹೋಗುತ್ತಿರುವುದು ನಮಗೆಲ್ಲ ಕಾಣುತ್ತಿತ್ತು.

"ಎಲ್ಲಿಗೋ?" ಎಂದಳು ದೆಸಾಂಕ ಅಜ್ಜಿ.

"ಮನೆಗೆ."

"ಸ್ಲಾವಾ ದಿನ ಬತ್ತಿ ಉರೀತಾ ಇರೋವಾಗ ಯಜಮಾನ ಮನೆ ಬಿಟ್ಟು ಹೋಗ್ತಾನಾ?"

"ಯಜಮಾನ ನಾನಲ್ಲ ಅಜ್ಜಿ. ಅವನು ಸುಳ್ಳು ಹೇಳ್ದ, ಕೇಳ್ಲಿಲ್ವಾ?"

"ಅವನು ಸುಳ್ಳು ಹೇಳ್ದ. ಗೋಧಿ ಸುಳ್ಳಾ? ಈ ದಿನ ಸುಳ್ಳಾ? ಬಂದಿರೋ ಜನ ಸುಳ್ಳಾ? ನಿಮ್ಮಮ್ಮ ನಲವತ್ತು ವರ್ಷ ಕತ್ತಲಲ್ಲಿ ಮಾಡಿದ್ದನ್ನ ಇವನು ಕತ್ತೆ ಥರ ಎಡವಿ ಬೆಳಕಿಗೆ ತಂದ. ಇವತ್ತು ಮೊದಲನೇ ಸಲ ಈ ಮನೆ ಬಾಗಿಲು ತೆರೆದಿದೆ. ಮತ್ತೆ ನೀನು, ಬಂದಾಗಿನಿಂದ ಕೂತ್ಕೊಂಡು ತಿಂತಾ ಇದ್ದೀಯ! ನಿನ್ನ ಸಂತನ ಹಬ್ಬದಲ್ಲಿ ನೀನೇ ಕೂತ್ಕೊಂಡು! ನಾಚಿಕೆ ಆಗಲ್ವಾ? ತೆಗೆ ಕೋಟು."

ಟೈಲ್ಸ್ ಅಂಗಡಿಯ ಮಾಲೀಕ ಕೋಟು ತೆಗೆದ. ನಲವತ್ತು ದಾಟಿದ ಗಂಡಸು, ಮೊದಲ ದಿನ ಶಾಲೆಗೆ ಬಂದ ಹುಡುಗನ ಹಾಗೆ ನಿಂತು, "ಏನು ಮಾಡ್ಬೇಕು? ನಂಗೆ ಗೊತ್ತಿಲ್ವಲ್ಲ," ಎಂದ.

ಬೊಸಿಲ್ಕ ತಟ್ಟೆಯನ್ನು ಅವನ ಕೈಗೆ ಕೊಟ್ಟಳು. ವಿತೊಮಿರನನ್ನು ತೋಳು ಹಿಡಿದು ಮೇಜಿನ ತಲೆಗೆ ಕೂರಿಸಿದಳು. ರೊಟ್ಟಿ ಮುರಿಯುವ ಹೊತ್ತು ಬಂದಾಗ ರಾನ್ಕೊ ಒಂದು ಕಡೆ, ವಿತೊಮಿರ್ ಒಂದು ಕಡೆ ಹಿಡಿದರು. ಯಜಮಾನ ಮತ್ತು ಅತಿಥಿ ರೊಟ್ಟಿಯನ್ನು ಸುತ್ತ ತಿರುಗಿಸಿ, ಅದರ ಮೇಲೆ ವೈನು ಸುರಿದು, ಮುತ್ತಿಟ್ಟು ಮುರಿಯಬೇಕು. ಬೇಕರಿಯ ರೊಟ್ಟಿ, ಗಟ್ಟಿಯಾಗಿತ್ತು. ಇಬ್ಬರೂ ಎಳೆದಾಡಿದರು. ಅದು ಕೊನೆಗೆ ಮುರಿದಾಗ ಜನ ಕೂಗಿದ ಕೂಗಿಗೆ ಕೆಳಗೆ ಬೀದಿಯಲ್ಲಿ ಹೋಗುತ್ತಿದ್ದವರು ತಲೆಯೆತ್ತಿ ನೋಡಿದರು. ಇಬ್ಬರು ಮೇಲೇ ಬಂದರು. ಯಾರೆಂದು ಯಾರೂ ಕೇಳಲಿಲ್ಲ. ರಾನ್ಕೊ ಅವರಿಗೂ ಬಡಿಸಿದ.

ಅವನು ಬಡಿಸಿದ ರೀತಿಯನ್ನು ನೋಡಬೇಕಿತ್ತು. ಮಿಲುತಿನನ ಮಡಿಲಿಗೆ ಕಾಳು ಚೆಲ್ಲಿದ, ಅಜ್ಜಿಯ ಲೋಟ ಖಾಲಿಯಾಗಲು ಬಿಡಲಿಲ್ಲ, ನನಗೆ ನಾಲ್ಕು ಸಲ ಐವಾರ್ ಹಾಕಿದ. ಕಾಲು ನೋಯುತ್ತಿದೆ ಎಂದು ಗೋಡೆಗೆ ಒರಗಿದರೆ ಅಜ್ಜಿ ಕೋಲು ಕುಟ್ಟುತ್ತಿದ್ದಳು. ಮೇಜಿನ ತಲೆಯಲ್ಲಿ ಕೂತ ವಿತೊಮಿರನಿಗೆ ಕೂರುವುದು ಹೇಗೆಂದೇ ಮರೆತುಹೋಗಿತ್ತು. ಯಾರಾದರೂ ಬಂದರೆ ಎದ್ದುಬಿಡುತ್ತಿದ್ದ, ಬೊಸಿಲ್ಕ ಹೆಗಲು ಒತ್ತಿ ಕೂರಿಸುತ್ತಿದ್ದಳು.

ಸಂಜೆ ಬತ್ತಿಯನ್ನು ವೈನಿನಲ್ಲಿ ಅದ್ದಿ ಆರಿಸಿದ ಮೇಲೆ ಜನ ಒಬ್ಬೊಬ್ಬರಾಗಿ ಇಳಿದರು. ಕೊನೆಗೆ ರಾನ್ಕೊ ಟೋಪಿ ಹಿಡಿದು ಹೊಸ್ತಿಲಲ್ಲಿ ನಿಂತ. ವಿತೊಮಿರ್ ಧೈರ್ಯ ತಂದುಕೊಂಡು, "ಬೆಳಿಗ್ಗೆ ಆ ಮಾತು ಹಾಗೇ ನಿಂತಿತ್ತು..." ಎಂದು ಶುರುಮಾಡಿದ.

"ಅತಿಥಿ ಹತ್ರ ಇವತ್ತು ದುಡ್ಡಿನ ಮಾತಾಡೋದಾ? ನಾಳೆ," ಎಂದ ರಾನ್ಕೊ.

ನಾಳೆ ಎಂಬ ಮಾತು ಕೇಳಿ ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ರಾನ್ಕೊ ಎರಡು ಮೆಟ್ಟಿಲು ಇಳಿದ, ನಿಂತ, ತಿರುಗಿದ. ಅಷ್ಟು ದೊಡ್ಡ ಆಳು ಟೋಪಿಯ ಅಂಚನ್ನು ತಿರುಗಿಸುತ್ತ ನಾಚಿಕೊಂಡಿದ್ದ.

"ನನ್ನ ಬಡಾವಣೇಲಿ ಪಕ್ಕದ ಮನೆಯವರ ಹೆಸರೂ ನಂಗೆ ಗೊತ್ತಿಲ್ಲ," ಎಂದ. "ಅಲ್ಲಿ ಬಾಗಿಲು ತೆರೆದಿಟ್ರೆ ಯಾರೂ ಬರಲ್ಲ. ಮುಂದಿನ ವರ್ಷನೂ ಇಲ್ಲೇ ಮಾಡಿದ್ರೆ... ಎಲ್ಲಾ ಬರ್ತಾರಾ? ನೀವಿಬ್ರೂ ಬರ್ತೀರಾ?"

"ನಾವು ಎಲ್ಲಿಂದ ಬರ್ಬೇಕು, ರಾನ್ಕೊ?" ಎಂದಳು ಬೊಸಿಲ್ಕ.

ರಾನ್ಕೊ ಮೆಟ್ಟಿಲ ಕಟಕಟೆ ಹಿಡಿದು ನಿಂತ. ಆ ಪ್ರಶ್ನೆ ಎಷ್ಟು ದೊಡ್ಡದೆಂದು ಅವನಿಗೆ ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು. ನಾನು ನನ್ನ ಬಾಗಿಲಲ್ಲಿ ನಿಂತು ಕೇಳುತ್ತಿದ್ದೆ.

"ಎಲ್ಲಿಂದಲೂ ಬೇಡ," ಎಂದ ಕೊನೆಗೆ. "ನೀವು ಇಲ್ಲೇ ಇರಿ. ಅಮ್ಮ ಹೇಳಿದ ಬಾಡಿಗೆಗೇ ಇರಿ."